ಪ್ರೊಜೆಕ್ಟಿವ್ ಐಡೆಂಟಿಫಿಕೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ತರಗತಿ ಮುಗಿದ ಮೇಲೆ ಬಾಗಿಲ ಬಳಿ ತಡೆದು ಕೇಳಿದವು, ಪತ್ರದಲ್ಲಿ ಬಂದವು, ಒಮ್ಮೆ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳಿದ್ದು, ಹೀಗೆ ಕೂಡಿಟ್ಟ ಪ್ರಶ್ನೆಗಳಿವು. ಕೇಳಿದವರ ಮಾತನ್ನು ತಿದ್ದಲು ಹೋಗಿಲ್ಲ. ಉತ್ತರಗಳಲ್ಲಿ ಬರುವ ಮನೆ ಮಂದಿ ಯಾರೋ ಒಬ್ಬರಲ್ಲ, ಹಲವರ ಕಥೆ ಬೆರೆಸಿ ಕಟ್ಟಿದವರು.

## ಮೊದಲಿಗೆ

ಇದೇನು ಅಂತ ಎರಡು ಮಾತಲ್ಲಿ ಹೇಳಿ ಮೇಡಂ. ಹೆಸರು ಕೇಳಿದ್ರೇ ಭಯ ಆಗುತ್ತೆ.

ನನ್ನಲ್ಲೇ ಇರುವ, ಆದರೆ ನನ್ನದೆಂದು ಒಪ್ಪಿಕೊಳ್ಳಲಾಗದ ಭಾವನೆಯೊಂದನ್ನು ನಾನು ನಿಮ್ಮಲ್ಲಿ ಕಾಣುತ್ತೇನೆ. ಭಯವಿರಬಹುದು, ಸಿಟ್ಟಿರಬಹುದು, ಕೆಲವೊಮ್ಮೆ ಒಳ್ಳೆಯ ಗುಣವೂ ಇರಬಹುದು. ಅಷ್ಟಕ್ಕೇ ನಿಲ್ಲುವುದಿಲ್ಲ. ನನಗೇ ಅರಿವಿಲ್ಲದೆ ನಿಮ್ಮೊಡನೆ ಒಂದು ರೀತಿಯಲ್ಲಿ ನಡೆದುಕೊಳ್ಳುತ್ತ ಹೋಗುತ್ತೇನೆ, ಕೊನೆಗೆ ನಿಮಗೆ ನಿಜಕ್ಕೂ ಆ ಭಾವನೆ ಬಂದುಬಿಡುತ್ತದೆ. ಬಂದ ಮೇಲೂ ನಿಮ್ಮನ್ನು ಬಿಟ್ಟು ದೂರ ಹೋಗಲಾರೆ, ಯಾಕೆಂದರೆ ನನ್ನದೇ ಒಂದು ತುಂಡು ನಿಮ್ಮ ಬಳಿ ಇದೆ. ಈ ಇಡೀ ವ್ಯವಹಾರಕ್ಕೆ ಆ ದೊಡ್ಡ ಹೆಸರು. ಮನೋವಿಶ್ಲೇಷಣೆಯಲ್ಲಿ ಇದನ್ನು ರಕ್ಷಣಾ ತಂತ್ರಗಳ, ಅಂದರೆ ಸಹಿಸಲಾಗದ್ದರಿಂದ ತಪ್ಪಿಸಿಕೊಳ್ಳಲು ಮನಸ್ಸು ತನಗೇ ತಿಳಿಯದೆ ಹೂಡುವ ಉಪಾಯಗಳ, ಸಾಲಿಗೆ ಸೇರಿಸುತ್ತಾರೆ.

ಪ್ರೊಜೆಕ್ಷನ್ ಅಂತಾರಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಎರಡೂ ಇನ್ನೊಬ್ಬರ ತಲೆ ಮೇಲೆ ಗೂಬೆ ಕೂರಿಸೋದೇ ತಾನೆ?

ಗೂಬೆ ಒಂದೇ, ಕೂರುವ ಜಾಗ ಬೇರೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತೇವಲ್ಲ, ಅದು ಪ್ರೊಜೆಕ್ಷನ್. ನೋಡಿಸಿಕೊಂಡವನಿಗೆ ಅದರಿಂದ ಏನೂ ಆಗುವುದಿಲ್ಲ. ಅವನು ಟಿವಿಯಲ್ಲಿ ಕಾಣುವ ರಾಜಕಾರಣಿಯಾಗಿದ್ದರೂ ನಡೆಯುತ್ತದೆ. ಇಲ್ಲಿ ಹಾಗಲ್ಲ. ಕಾಮಾಲೆ ಕಣ್ಣಿನವನು ನೋಡುತ್ತ ನೋಡುತ್ತ ಎದುರಿನವನ ಮೈಗೂ ಹಳದಿ ಏರತೊಡಗುತ್ತದೆ. ತಲೆ ಮೇಲಿದ್ದ ಗೂಬೆ ಎದೆಯೊಳಗೆ ಇಳಿದು ಅಲ್ಲಿಂದಲೇ ಕೂಗುತ್ತದೆ, ಹೊತ್ತವನು ಅದು ತನ್ನದೇ ದನಿ ಎಂದು ತಿಳಿಯುತ್ತಾನೆ.

ಒಂದು ಉದಾಹರಣೆ ಕೊಡಿ. ವಿದೇಶದ್ದು ಬೇಡ, ಮನೆಯದ್ದೇ ಆಗಿರಲಿ.

ನಿವೃತ್ತರಾದ ಒಬ್ಬ ಅಪ್ಪ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಒಂದು ಪೈಸೆ ಲೆಕ್ಕ ತಪ್ಪದವರು. ಈಚೆಗೆ ಪರಿಚಿತರ ಹೆಸರು ನಾಲಿಗೆ ತುದಿಗೆ ಬಂದು ನಿಂತುಬಿಡುತ್ತಿದೆ. ಅವರ ತಾಯಿಗೆ ಕೊನೆಗಾಲದಲ್ಲಿ ಅರಳುಮರಳಾಗಿ, ಮಗನನ್ನೇ ಗುರುತು ಹಿಡಿಯುತ್ತಿರಲಿಲ್ಲ. ಈ ಎರಡು ಸಂಗತಿಯನ್ನು ಅವರು ಎಂದೂ ಪಕ್ಕಪಕ್ಕ ಇಟ್ಟು ಯೋಚಿಸುವುದಿಲ್ಲ. ಅದರ ಬದಲು ಮಗನನ್ನು ಕೇಳುತ್ತಾರೆ.

"ಗ್ಯಾಸ್ ಆಫ್ ಮಾಡಿದ್ಯೇನೋ?"

ಮಗ ಬಾಗಿಲಲ್ಲಿ ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಾನೆ. "ಮಾಡಿದೀನಪ್ಪ."

"ರೆಗ್ಯುಲೇಟರೋ, ಬರೀ ಒಲೆಯದೋ?"

ಮಗನ ಕೈ ಲೇಸಿನ ಮೇಲೆ ಒಂದು ಕ್ಷಣ ನಿಲ್ಲುತ್ತದೆ. ಅಷ್ಟು ಸಾಕು. "ನೋಡು, ನಿಂಗೇ ಗ್ಯಾರಂಟಿ ಇಲ್ಲ." ಅವನು ಶೂ ಬಿಚ್ಚಿ ಒಳಗೆ ಹೋಗಿ ನೋಡುತ್ತಾನೆ. ರೆಗ್ಯುಲೇಟರ್ ಆಫ್ ಆಗಿಯೇ ಇದೆ.

ಹೀಗೆ ದಿನಾ. ಮೂರು ತಿಂಗಳಿಗೆ ಮಗ ಗೇಟಿನಿಂದ ತಾನಾಗಿಯೇ ವಾಪಸ್ ಬಂದು ಬೀಗ ಎಳೆದು ನೋಡುತ್ತಾನೆ. ಹಾಲು ತರಲು ಹೋಗಿ ಮೊಸರು ತರುತ್ತಾನೆ. ಆಫೀಸಿನಲ್ಲಿ ನಲವತ್ತು ಜನರ ಕೆಲಸ ಅವನ ತಲೆಯಲ್ಲಿದೆ, ಅಲ್ಲಿ ಒಂದೂ ತಪ್ಪುವುದಿಲ್ಲ. ಮರೆವು ಬರುವುದು ಮನೆಯ ಹೊಸ್ತಿಲ ಒಳಗೆ ಮಾತ್ರ. ಅಪ್ಪ ನೆಂಟರ ಮುಂದೆ "ಇವನಿಗೆ ಈ ವಯಸ್ಸಿಗೇ ಮರೆವು ಕಣ್ರೀ" ಅನ್ನುತ್ತಾರೆ, ಬೇಸರದಿಂದಲೇ. ಆ ರಾತ್ರಿ ಅವರಿಗೆ ಒಳ್ಳೆಯ ನಿದ್ದೆ. ಅವರು ಹೇಳಿದ್ದು ಸುಳ್ಳೂ ಅಲ್ಲ, ಮಗ ನಿಜಕ್ಕೂ ಮರೆಯುತ್ತಿದ್ದಾನೆ.

ಅಂದ್ರೆ ಬೇಕೂಂತ ಮಾಡೋದಾ? ಗ್ಯಾಸ್‌ಲೈಟಿಂಗ್ ಅಂತಾರಲ್ಲ, ಅದೇನಾ?

ಮೇಲಿನ ಕಥೆಯಲ್ಲಿ ಗ್ಯಾಸ್ ಇದ್ದರೂ ಅದು ಗ್ಯಾಸ್‌ಲೈಟಿಂಗ್ ಅಲ್ಲ. ಗ್ಯಾಸ್‌ಲೈಟಿಂಗ್ ಅಂದರೆ ಒಬ್ಬರಿಗೆ ತಮ್ಮ ನೆನಪು, ಬುದ್ಧಿಯ ಮೇಲೇ ಅನುಮಾನ ಬರುವಂತೆ ಮಾಡುವುದು. ಮಾಡುವವನಿಗೆ ನಿಜ ಏನೆಂದು ಗೊತ್ತಿರುತ್ತದೆ, ಮುಚ್ಚಿಡುತ್ತಾನೆ. ಅಪ್ಪನನ್ನು ಆಣೆ ಹಾಕಿಸಿ ಕೇಳಿದರೂ "ನನಗೆ ಅವನದ್ದೇ ಚಿಂತೆ" ಅನ್ನುತ್ತಾರೆ, ಪ್ರಾಮಾಣಿಕವಾಗಿ. ಆ ಪ್ರಾಮಾಣಿಕತೆಯಿಂದಲೇ ಇದನ್ನು ಹಿಡಿಯುವುದು ಕಷ್ಟ.

ಭಾವನೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತೆ ಅಂದ್ರೆ ಟೆಲಿಪತಿ ಥರಾನಾ?

ಅಲ್ಲ. ಹೋಗುವುದು ನೂರು ಸಣ್ಣ ದಾರಿಗಳಲ್ಲಿ: ಪ್ರಶ್ನೆ ಕೇಳುವ ಹೊತ್ತು, ದನಿಯ ಏರಿಳಿತ, ಉತ್ತರಕ್ಕೆ ಕಾಯದ ಅವಸರ, ಉತ್ತರ ಬಂದ ಮೇಲಿನ ಮೌನ. ಅಪ್ಪ ಕೇಳಿದ್ದು ಸಂಜೆ ಕೂತಾಗ ಅಲ್ಲ, ಶೂ ಹಾಕಿಕೊಳ್ಳುವಾಗ. ಇನ್ನೊಂದು ಮಾತೂ ಇದೆ: ಇಳಿಯಲು ಒಳಗೊಂದು ಗೂಡು ಬೇಕು. ಅಪ್ಪನ ಮೆಚ್ಚುಗೆ ಚಿಕ್ಕಂದಿನಿಂದ ಸಿಗದ ಮಗನಿಗೆ ಇಳಿದಷ್ಟು ಸುಲಭವಾಗಿ ಅದೇ ಪ್ರಶ್ನೆ ಅಳಿಯನಿಗೆ ಇಳಿಯುವುದಿಲ್ಲ. ಅಳಿಯ ನಕ್ಕು "ಮಾಡಿದೀನಿ ಮಾವ" ಅಂದು ಸ್ಕೂಟರ್ ಹತ್ತುತ್ತಾನೆ.

ಕನ್ನಡದಲ್ಲಿ ಇದಕ್ಕೆ ಏನನ್ನಬೇಕು?

ಪಾರಿಭಾಷಿಕವಾಗಿ 'ಪ್ರಕ್ಷೇಪಣಾ ತಾದಾತ್ಮ್ಯ' ಅನ್ನಬಹುದು. ನನಗೆ ಅಷ್ಟು ಹಿಡಿಸುವುದಿಲ್ಲ. ತಾದಾತ್ಮ್ಯ ಅಂದ ತಕ್ಷಣ ಭಜನೆಯಲ್ಲಿ ಮೈಮರೆತವರು ಕಣ್ಮುಂದೆ ಬರುತ್ತಾರೆ, ಇಲ್ಲಿ ನಡೆಯುವುದು ಅಂಥ ಸುಖದ ವಿಷಯವಲ್ಲ. ನಾವು ಕೆಲಸ ಮಾಡುವ ಕಡೆ ಎಲ್ಲರೂ ಇಂಗ್ಲಿಷ್ ಹೆಸರನ್ನೇ ಹೇಳುತ್ತೇವೆ, ಅವಸರದಲ್ಲಿ 'ಪಿ.ಐ.' ಅನ್ನುತ್ತೇವೆ. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ ಅಂತ ಹೊಸಬರಿಗೆ ಹೇಳಬೇಕಾಗುತ್ತದೆ.

## ಎಲ್ಲಿಂದ ಬಂತು

ಫ್ರಾಯ್ಡ್ ಹೇಳಿದ್ದಾ ಇದು?

ಪ್ರೊಜೆಕ್ಷನ್ ಮನೋವಿಶ್ಲೇಷಣೆಯನ್ನು ಶುರುಮಾಡಿದ ಫ್ರಾಯ್ಡ್ ಅವರದ್ದು. 1895ರಷ್ಟು ಹಿಂದೆಯೇ ಸ್ನೇಹಿತ ಫ್ಲೀಸ್‌ಗೆ ಬರೆಯುವಾಗ ಸಂಶಯರೋಗವನ್ನು ಅದರಿಂದ ವಿವರಿಸಿದ್ದರು. ಪ್ರೊಜೆಕ್ಟಿವ್ ಐಡೆಂಟಿಫಿಕೇಶನ್ ನೆಲೆನಿಂತದ್ದು ಮೆಲನಿ ಕ್ಲೈನ್ ಅವರಿಂದ. 1882ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಬುಡಾಪೆಸ್ಟ್, ಬರ್ಲಿನ್ ದಾಟಿ 1926ರಲ್ಲಿ ಲಂಡನ್‌ನಲ್ಲಿ ನೆಲೆಸಿದವರು. ವೈದ್ಯೆಯಲ್ಲ, ವಿಶ್ವವಿದ್ಯಾಲಯದ ಪದವಿಯೂ ಇರಲಿಲ್ಲ. ಸಣ್ಣ ಮಕ್ಕಳ ಆಟ ನೋಡುತ್ತ ಮನಸ್ಸು ಓದಿದರು. 1946ರ ಡಿಸೆಂಬರಿನಲ್ಲಿ ಬ್ರಿಟಿಷ್ ಮನೋವಿಶ್ಲೇಷಣಾ ಸಂಘದಲ್ಲಿ ಓದಿದ ಪ್ರಬಂಧದಲ್ಲಿ ಈ ವಿಚಾರ ಇದೆ. ಮಗು ತನ್ನಲ್ಲಿ ಸಹಿಸಲಾಗದ ತುಂಡುಗಳನ್ನು ಕಲ್ಪನೆಯಲ್ಲಿ ತಾಯಿಯ 'ಮೇಲೆ' ಹಾಕುತ್ತದೆ ಎನ್ನುವುದಕ್ಕಿಂತ 'ಒಳಗೆ' ಹಾಕುತ್ತದೆ ಎನ್ನುವುದು ಮೇಲು ಎಂದು ಅವರು ಬರೆದರು. ಆ ಒಂದು ವಿಭಕ್ತಿಯಲ್ಲೇ ಹೊಸತನ ಇರುವುದು. ಈ ಕ್ರಿಯೆಗೆ ಇಂಥ ಹೆಸರಿಡೋಣ ಎಂಬ ಸಾಲು ಸೇರಿದ್ದು 1952ರಲ್ಲಿ ಪ್ರಬಂಧ ಮರುಮುದ್ರಣವಾದಾಗ. ಪದಜೋಡಿಯನ್ನು ಇಟಲಿಯ ಎಡೊಆರ್ಡೊ ವೈಸ್ 1925ರಲ್ಲೇ ಬಳಸಿದ್ದರು.

ನಮ್ಮಲ್ಲಿ ಪರಕಾಯ ಪ್ರವೇಶ ಅಂತ ಇತ್ತಲ್ಲ ಮೇಡಂ, ಅದನ್ನೇ ಇವರು ಹೇಳಿದ್ದಾ?

ಹೋಲಿಕೆ ಇದೆ, ಮತ್ತು ಅದು ಕ್ಲೈನ್ ಅವರಿಗೂ ಹೊಳೆದಿತ್ತು ಅನ್ನಬಹುದು, ನಮ್ಮ ಕಥೆಯಿಂದಲ್ಲ, ಫ್ರೆಂಚ್ ಕಾದಂಬರಿಯೊಂದರಿಂದ. 1955ರ ಒಂದು ಪ್ರಬಂಧದಲ್ಲಿ ಅವರು ಜೂಲಿಯನ್ ಗ್ರೀನ್ ಬರೆದ ಕಾದಂಬರಿಯ ನಾಯಕನನ್ನು ಹೆಚ್ಚುಕಡಿಮೆ ರೋಗಿಯ ಹಾಗೆ ಕೂರಿಸಿ ಓದುತ್ತಾರೆ. ಫೇಬಿಯನ್ ಎಂಬ ಆ ಅತೃಪ್ತ ಯುವಕನಿಗೆ ಸೈತಾನನಿಂದ ಬೇರೆಯವರೊಳಗೆ ಹೊಕ್ಕು ಅವರೇ ಆಗುವ ಶಕ್ತಿ ಸಿಗುತ್ತದೆ. ಒಬ್ಬರಿಂದ ಒಬ್ಬರಿಗೆ ಹಾರುತ್ತ ತಾನು ಯಾರೆಂಬುದೇ ಕೈತಪ್ಪುತ್ತದೆ. ಶಂಕರರು ಅಮರುಕ ರಾಜನ ದೇಹ ಹೊಕ್ಕ ಐತಿಹ್ಯದಲ್ಲೂ ಅಪಾಯ ಅದೇ: ಹೊಕ್ಕವರು ಮರೆತರು, ಶಿಷ್ಯರು ಹೋಗಿ ನೆನಪಿಸಬೇಕಾಯಿತು. ತನ್ನ ತುಂಡುಗಳನ್ನು ಹೊರಗೆ ಹಂಚಿದವನು ಒಳಗೆ ಬಡವನಾಗುತ್ತಾನೆ ಅನ್ನುವುದು ಕ್ಲೈನ್ ಮಾತಿನ ಸಾರ. ಆದರೆ ಪರಕಾಯ ಪ್ರವೇಶ ಸಿದ್ಧಿ, ತಿಳಿದು ಮಾಡುವುದು. ಇದು ತಿಳಿಯದೆ ಆಗುವುದು. 'ಎಲ್ಲ ನಮ್ಮಲ್ಲಿತ್ತು' ಅನ್ನುವ ತೀರ್ಮಾನಕ್ಕೆ ನಾನು ಸಹಿ ಹಾಕಲಾರೆ.

ಬಿಯಾನ್ ಹೆಸರು ಯಾಕೆ ಅಷ್ಟು ಸಲ ಬರುತ್ತೆ?

ಬ್ರಿಟಿಷ್ ಮನೋವಿಶ್ಲೇಷಕ ವಿಲ್ಫ್ರೆಡ್ ಬಿಯಾನ್ ಹುಟ್ಟಿದ್ದು 1897ರಲ್ಲಿ, ನಮ್ಮ ಮಥುರೆಯಲ್ಲಿ. ತಂದೆ ಇಲ್ಲಿ ಎಂಜಿನಿಯರ್. ಎಂಟನೇ ವಯಸ್ಸಿಗೆ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಕಳಿಸಿದರು, ಮತ್ತೆ ಭಾರತಕ್ಕೆ ಬರಲೇ ಇಲ್ಲ. ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ಪಡೆಯಲ್ಲಿದ್ದವರು. ಸಹಿಸಲಾಗದ ಭಯವನ್ನು ಎಲ್ಲಿ ಇಳಿಸುವುದು ಎಂಬ ಪ್ರಶ್ನೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ ಅಂತ ನನ್ನ ಊಹೆ.

1959ರ ಒಂದು ಪ್ರಬಂಧದಲ್ಲಿ ಅವರು ಒಬ್ಬ ರೋಗಿಯ ವಿಷಯ ಬರೆಯುತ್ತಾರೆ. ಆತನಿಗೆ ಸಾವಿನ ಭಯ, ತನ್ನೊಳಗೆ ಹಿಡಿಸದಷ್ಟು. ಅದನ್ನು ಬಿಯಾನ್ ಅವರೊಳಗೆ ಇಡುತ್ತಾನೆ, ಅಲ್ಲಿ ಸ್ವಲ್ಪ ಕಾಲ ತಂಗಿದರೆ ಅದು ಹದವಾಗಿ, ತಾನು ವಾಪಸ್ ತೆಗೆದುಕೊಳ್ಳುವಂತಾಗುತ್ತದೆ ಎಂಬ ಆಸೆ. ಬಿಯಾನ್ ಅದನ್ನು ಬೇಗ ಬೇಗ ಹೊರಗೆ ದಬ್ಬುತ್ತಿದ್ದಾರೆ ಅನ್ನಿಸಿದಾಗ ಆತ ಇನ್ನಷ್ಟು ಬಲವಂತದಿಂದ ತುರುಕುತ್ತಾನೆ. ಇಲ್ಲಿಗೆ ಇದು ಬರೀ ಕಸ ಎಸೆಯುವ ಕೆಲಸವಾಗಿ ಉಳಿಯಲಿಲ್ಲ, ಮಾತು ಬಾರದ ಹಂತದ ಸಂದೇಶವೂ ಆಯಿತು.

ಅಳುವ ಕೂಸನ್ನು ನೆನೆಸಿಕೊಳ್ಳಿ. ಕೂಸಿನ ದಿಗಿಲು ತಾಯಿಗೆ ತಾಗುತ್ತದೆ, ಅವಳ ಎದೆಯೂ ಡವಡವ ಅನ್ನುತ್ತದೆ. ಆದರೆ ಅವಳು ಬೆದರಿ ಓಡುವುದಿಲ್ಲ. ಎತ್ತಿ ಹೆಗಲಿಗೆ ಹಾಕಿಕೊಂಡು "ಏನಾಯ್ತು ಕಂದಾ, ಹೊಟ್ಟೆ ನೋವಾ" ಅನ್ನುತ್ತ ಬೆನ್ನು ತಟ್ಟುತ್ತಾಳೆ. ದಿಗಿಲಿಗೆ ಒಂದು ಹೆಸರು ಸಿಕ್ಕಿತು. ಅವಳಿಗೆ ಅದನ್ನು ತಾಳಲಾಗದೆ ಹೋದರೆ ಮಗುವಿಗೆ ವಾಪಸ್ ಸಿಗುವುದು ಹೆಸರೂ ಇಲ್ಲದ ಭಯ ಎಂದು 1962ರಲ್ಲಿ ಬಿಯಾನ್ ಬರೆದರು. ತಾಳಿಕೊಳ್ಳುವ ಮನಸ್ಸನ್ನು ಅವರು ಪಾತ್ರೆಗೆ ಹೋಲಿಸಿದರು. ಕನ್ನಡದಲ್ಲಿ ನಮಗೊಂದು ಅನುಕೂಲವಿದೆ. ತುಂಬಿಕೊಳ್ಳುವುದು ಪಾತ್ರೆ, ವಹಿಸಿಕೊಳ್ಳುವುದು ಪಾತ್ರ. ಎದುರಿನವರ ಭಾವನೆ ನಮ್ಮೊಳಗೆ ಬಂದಾಗ ನಾವು ಪಾತ್ರೆಯಾಗುತ್ತೇವೋ ಅಥವಾ ಅವರ ನಾಟಕದ ಪಾತ್ರವಾಗಿಬಿಡುತ್ತೇವೋ, ಎಲ್ಲವೂ ಅದರ ಮೇಲೆ ನಿಂತಿದೆ.

## ಮನೆಯಲ್ಲಿ, ಕೆಲಸದಲ್ಲಿ

ನಮ್ಮೆಜಮಾನ್ರು ಯಾವಾಗ್ಲೂ ಶಾಂತ, ನಾನೇ ಕೂಗಾಡೋದು. ಅವರ ಸಿಟ್ಟನ್ನ ನಾನು ಹೊತ್ಕೊಂಡಿದೀನಾ?

ಇರಬಹುದು. ಲಂಡನ್ನಿನ ಟಾವಿಸ್ಟಾಕ್ ಕ್ಲಿನಿಕ್‌ನಲ್ಲಿ ದಂಪತಿಗಳನ್ನು ನೋಡುತ್ತಿದ್ದ ಹೆನ್ರಿ ಡಿಕ್ಸ್ 1967ರಲ್ಲಿ ಈ ಬಗೆಯ ಹಂಚಿಕೆಯ ಬಗ್ಗೆ ವಿವರವಾಗಿ ಬರೆದಿದ್ದಾರೆ. ಒಬ್ಬರ ಪಾಲಿಗೆ ಸಿಟ್ಟು, ಒಬ್ಬರ ಪಾಲಿಗೆ ತಾಳ್ಮೆ. ಒಬ್ಬರು ಖರ್ಚಿನವರು, ಒಬ್ಬರು ಜಿಪುಣರು. ಹಂಚಿಕೆಗೆ ಇಬ್ಬರ ಒಪ್ಪಿಗೆಯೂ ಇರುತ್ತದೆ, ಒಪ್ಪಿದ್ದು ಇಬ್ಬರಿಗೂ ತಿಳಿದಿರುವುದಿಲ್ಲ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು ಕಡೆಯದು: ಅವರ ಸಿಟ್ಟು ನಿಮ್ಮ ಹತ್ತಿರ ಇದ್ದರೆ, ನಿಮ್ಮ ತಾಳ್ಮೆ ಅವರ ಹತ್ತಿರ ಇದೆಯೇ? ಆದರೆ "ನಿಮ್ಮ ಸಿಟ್ಟನ್ನು ನನ್ನೊಳಗೆ ತುಂಬುತ್ತಿದ್ದೀರಿ" ಎಂದು ಜಗಳದ ನಡುವೆ ಹೇಳಬೇಡಿ. ಅದು ಗೂಬೆಯನ್ನು ವಾಪಸ್ ಎಸೆದಂತೆ. ಸಿಟ್ಟು ಏರುವ ಮೊದಲಿನ ಹತ್ತು ನಿಮಿಷದಲ್ಲಿ ಯಾರು ಏನು ಅಂದರು, ಯಾರು ಸುಮ್ಮನಾದರು ಎಂದು ಆಮೇಲೆ ಬರೆದು ನೋಡಿ.

ಶಾಂತವಾಗಿರುವವರ ಕೈ ಮೇಲೇಳುತ್ತಿದ್ದರೆ ಮಾತ್ರ ಈ ಸಿದ್ಧಾಂತ ಪಕ್ಕಕ್ಕಿಡಿ, ಮೊದಲು ನಿಮ್ಮ ಸುರಕ್ಷತೆ ನೋಡಿಕೊಳ್ಳಿ. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಆಫೀಸು, ಆಸ್ಪತ್ರೆ, ಇಂಥ ಕಡೆ ಗುಂಪಾಗಿಯೂ ಆಗುತ್ತಾ?

ಆಗುತ್ತದೆ, ಮತ್ತು ಇದರ ಬಗ್ಗೆ ಬಂದ ಬರವಣಿಗೆಯಲ್ಲಿ ನನಗೆ ಅತಿ ಇಷ್ಟವಾದದ್ದು ಗುಂಪಿನದ್ದೇ. 1950ರ ದಶಕದ ಕೊನೆಯಲ್ಲಿ ಇಸಾಬೆಲ್ ಮೆಂಜಿಸ್ ಲಂಡನ್ನಿನ ದೊಡ್ಡ ಆಸ್ಪತ್ರೆಯೊಂದರ ದಾದಿಯರನ್ನು ಅಧ್ಯಯನ ಮಾಡಿದರು. ಸಾವು, ನೋವು, ಹೇಸಿಗೆ ದಿನವಿಡೀ ಎದುರಿಗಿದ್ದಾಗ ಎಲ್ಲ ಬಿಟ್ಟು ಓಡಿಹೋಗಬೇಕು ಅನ್ನಿಸುವುದು ಸಹಜ. ಪ್ರತಿ ದಾದಿಯೂ ತನ್ನೊಳಗಿನ ಈ ಬೇಜವಾಬ್ದಾರಿ ಆಸೆಯನ್ನು ಕಿರಿಯರಲ್ಲಿ ಕಂಡಳು. ಅದರ ವಿರುದ್ಧ ತನ್ನಲ್ಲೇ ಏಳುವ ಗದರಿಕೆಯನ್ನು ಹಿರಿಯರಲ್ಲಿ ಕಂಡಳು. ಪರಿಣಾಮ, ಮೇಲಿನವರೆಲ್ಲ ಕ್ರೂರಿಗಳು, ಕೆಳಗಿನವರೆಲ್ಲ ಉಡಾಫೆಯವರು. ಹಾಗೆ ಕಂಡದ್ದಷ್ಟೇ ಅಲ್ಲ, ನಡೆಸಿಕೊಂಡ ರೀತಿಯಿಂದ ಹಾಗೆ ಆಗಿಯೂ ಬಿಟ್ಟರು. ಕಲಿಯಲು ಬಂದ ದಾದಿಯರಲ್ಲಿ ಸುಮಾರು ಮೂರನೇ ಒಂದು ಭಾಗ ತರಬೇತಿ ಮುಗಿಸದೆ ಹೋಗುತ್ತಿದ್ದರು. ನಮ್ಮ ಯಾವುದೇ ಕಚೇರಿಯಲ್ಲಿ ಒಂದು ವಾರ ಕೂತರೆ ಈ ಚಿತ್ರಕ್ಕೆ ಹೆಸರುಗಳನ್ನು ನೀವೇ ತುಂಬಬಹುದು.

## ಕೌನ್ಸೆಲಿಂಗ್ ಕಲಿಯುವವರ ಪ್ರಶ್ನೆಗಳು

ಒಬ್ಬ ಕ್ಲೈಂಟ್ ಹೋದ ಮೇಲೆ ಎರಡು ಗಂಟೆ ನಂಗೆ ತಲೆ ಭಾರ. ಅವರು ನನ್ನೊಳಗೆ ಏನೋ ಹಾಕಿ ಹೋದ್ರು ಅಂತಾನಾ?

ಹಾಗಂದುಕೊಳ್ಳುವ ಮೊದಲು ನನ್ನ ಕಥೆ ಕೇಳಿ. ಕಲಿಯುವ ದಿನಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬ ನನ್ನ ಬಳಿ ಬರುತ್ತಿದ್ದ. ಮೆಲುದನಿ, "ಎಲ್ಲ ಚೆನ್ನಾಗಿದೆ ಮೇಡಂ." ಹತ್ತು ನಿಮಿಷಕ್ಕೆ ನನ್ನ ರೆಪ್ಪೆ ಎಳೆಯುತ್ತಿತ್ತು, ಉಗುರಿನಿಂದ ಅಂಗೈ ಚುಚ್ಚಿಕೊಂಡು ಕೂರುತ್ತಿದ್ದೆ. ಸೂಪರ್‌ವಿಷನ್‌ನಲ್ಲಿ ಬಹಳ ಜಂಬದಿಂದ "ಅವನು ತನ್ನ ಜಡತ್ವವನ್ನು ನನ್ನೊಳಗೆ ಇಡುತ್ತಿದ್ದಾನೆ" ಎಂದೆ. ನನ್ನ ಮೇಲ್ವಿಚಾರಕರು ಕನ್ನಡಕ ಒರೆಸುತ್ತ ಕೇಳಿದರು: "ಎಷ್ಟು ಗಂಟೆಗೆ ಬರ್ತಾನೆ?" ಎರಡೂವರೆಗೆ. "ಊಟಕ್ಕೇನು?" ಮುದ್ದೆ, ಬಸ್ಸಾರು.

ಬೆಳಿಗ್ಗೆ ಹನ್ನೊಂದಕ್ಕೆ ಸಮಯ ಬದಲಿಸಿದೆವು. ನಿದ್ದೆ ಹೋಗಲಿಲ್ಲ, ಮತ್ತು ಬೇರೆ ಯಾರ ಮುಂದೆಯೂ ಬರಲಿಲ್ಲ. ಆಗಷ್ಟೇ ಯೋಚಿಸಲು ಅರ್ಥವಿತ್ತು. ತಿಂಗಳುಗಳ ಮೇಲೆ ಹೊರಬಂತು: ಅವನ ಬಾಲ್ಯದಲ್ಲಿ ತಾಯಿ ಖಿನ್ನತೆಯಿಂದ ಹಾಸಿಗೆ ಹಿಡಿದಿದ್ದರು, ಅವನು ಮಂಚದ ಪಕ್ಕ ಸದ್ದು ಮಾಡದೆ ಕೂತಿರುತ್ತಿದ್ದ. ನನ್ನ ಕೋಣೆಯಲ್ಲಿ ಅವನು ಮತ್ತೆ ಆ ಮಂಚದ ಪಕ್ಕ ಕೂತಿದ್ದ, ನಾನು ಮಲಗಿದ್ದೆ.

ಚಿಕಿತ್ಸಕರ ಭಾವನೆ ಅಡ್ಡಿಯಲ್ಲ, ರೋಗಿಯನ್ನು ಅರಿಯುವ ಸಾಧನ ಎಂದು 1950ರಲ್ಲಿ ವಾದಿಸಿದವರು ಪೌಲಾ ಹೈಮನ್. ಕ್ಲೈನ್ ಅವರಿಗೆ ಇದು ಹಿಡಿಸಲಿಲ್ಲ. ರೋಗಿ ತನ್ನ ಗೊಂದಲವನ್ನು ನನ್ನೊಳಗೆ ಹಾಕಿದ ಎಂದ ಶಿಷ್ಯನಿಗೆ "ಇಲ್ಲಪ್ಪ, ಗೊಂದಲ ನಿನ್ನದೇ" ಎಂದರಂತೆ ಎಂಬ ಕಥೆ ಅವರ ಬಳಗದಲ್ಲಿ ಇಂದಿಗೂ ಓಡಾಡುತ್ತದೆ. ನಿಮ್ಮ ತಲೆಭಾರ ಒಂದು ಸುಳಿವು. ಸಾಕ್ಷಿ ಆಗಬೇಕಾದರೆ ಮುದ್ದೆಯನ್ನು ಮೊದಲು ಪಟ್ಟಿಯಿಂದ ತೆಗೆಯಬೇಕು.

ಕೆಲವೊಮ್ಮೆ ಕ್ಲೈಂಟ್‌ಗೆ ಆಗೋದೇ ನಂಗೂ ಆಗುತ್ತೆ, ಕೆಲವೊಮ್ಮೆ ಅವರ ಮೇಲೇ ಸಿಟ್ಟು ಬರುತ್ತೆ. ಎರಡೂ ಒಂದೇನಾ?

ಬ್ಯೂನಸ್ ಐರಿಸ್‌ನಲ್ಲಿ ಕೆಲಸ ಮಾಡಿದ ಹೈನ್ರಿಕ್ ರಾಕರ್ 1957ರಲ್ಲಿ ಈ ಎರಡನ್ನು ಬೇರ್ಪಡಿಸಿದರು. ಒಂದರಲ್ಲಿ ನೀವು ಕ್ಲೈಂಟ್‌ನ ಜಾಗದಲ್ಲಿ ಕೂತಿದ್ದೀರಿ, ಅವರ ಅಸಹಾಯಕತೆ ನಿಮ್ಮದಾಗಿದೆ. ಇನ್ನೊಂದರಲ್ಲಿ ಅವರೊಳಗಿರುವ ಬೈಯುವ ಅಪ್ಪನ ಅಥವಾ ಬೇಸತ್ತ ಟೀಚರ್‌ನ ಜಾಗದಲ್ಲಿ ಕೂತಿದ್ದೀರಿ. ನನ್ನ ನಿದ್ದೆ ಎರಡನೆಯ ಬಗೆಯದು.

ಗೊತ್ತಾದ ಮೇಲೆ ಕ್ಲೈಂಟ್‌ಗೆ ಹೇಳಿಬಿಡಬೇಕಾ?

ಅವಸರ ಬೇಡ. ಯಾವುದನ್ನು ಇಟ್ಟುಕೊಳ್ಳಲಾಗದೆ ಹೊರಗಿಟ್ಟಿದ್ದಾರೋ ಅದನ್ನು ತಕ್ಷಣ ಕೈಗೆ ಕೊಟ್ಟರೆ ಆಕ್ರಮಣದಂತೆ ಕಾಣುತ್ತದೆ. ಜಾನ್ ಸ್ಟೈನರ್ 1993ರಲ್ಲಿ ಒಳ್ಳೆಯ ದಾರಿ ತೋರಿಸಿದ್ದಾರೆ: "ನಿಮಗೆ ಸಿಟ್ಟಿದೆ" ಅನ್ನುವ ಬದಲು "ನಾನು ನಿಮ್ಮ ಮೇಲೆ ಸಿಟ್ಟಾಗಿದ್ದೇನೆ ಅಂತ ನಿಮಗೆ ಅನ್ನಿಸುತ್ತಿರಬಹುದು" ಅನ್ನುವುದು. ಮಾತು ಭಾವನೆ ಈಗಿರುವ ಜಾಗದಿಂದಲೇ ಶುರುವಾಗುತ್ತದೆ.

## ಇನ್ನೂ ಆಳಕ್ಕೆ

ಎದುರಿನವರಿಗೆ ಏನೂ ಆಗದೇ ಇದ್ರೂ ಅದು ಪಿ.ಐ. ಅನ್ನಿಸಿಕೊಳ್ಳುತ್ತಾ?

ಇಲ್ಲಿ ಮನೆ ಎರಡಾಗಿದೆ. ಕ್ಲೈನ್ ಪ್ರಕಾರ ಇದು ಹಾಕುವವನ ಕಲ್ಪನೆಯೊಳಗೆ ನಡೆಯುವ ಕ್ರಿಯೆ, ಎದುರಿನವರು ಬದಲಾಗಲೇಬೇಕೆಂದಿಲ್ಲ. ಅಮೆರಿಕದ ಥಾಮಸ್ ಆಗ್ಡನ್ 1979ರಲ್ಲಿ ಮೂರು ಹಂತ ಹೇಳಿದರು: ಹೊರಹಾಕುವ ಕಲ್ಪನೆ, ಎದುರಿನವರು ಹಾಗೇ ಆಗುವಂತೆ ಹೇರುವ ಒತ್ತಡ, ಅವರೊಳಗೆ ಅರಗಿದ್ದನ್ನು ವಾಪಸ್ ಪಡೆಯುವುದು. ನಾನು ಮೇಲಿನ ಉತ್ತರಗಳಲ್ಲಿ ಆಗ್ಡನ್ ಕಡೆ ವಾಲಿದ್ದೇನೆ. ಕಾರಣ ತೀರಾ ಸರಳ: ಒತ್ತಡ ಕಣ್ಣಿಗೆ ಕಾಣುತ್ತದೆ, ಕಲ್ಪನೆ ಕಾಣುವುದಿಲ್ಲ. ಜೋಸೆಫ್ ಸ್ಯಾಂಡ್ಲರ್ 1976ರಲ್ಲಿ, ರೋಗಿ ಒಡ್ಡುವ ಪಾತ್ರಕ್ಕೆ ಚಿಕಿತ್ಸಕ ತನ್ನ ಸ್ವಭಾವದಂತೆ ಓಗೊಡುತ್ತಾನೆ ಎಂದು ಹೇಳಿದ್ದು ಇದಕ್ಕೆ ಹತ್ತಿರ, ಅಷ್ಟೊಂದು ಕ್ಲೈನ್ ಪರಿಭಾಷೆ ಇಲ್ಲದೆ.

ಬಾರ್ಡರ್‌ಲೈನ್ ಇರೋರಿಗೆ ಮಾತ್ರ ಇದು ಅಂತ ಓದಿದೆ.

ಬಾರ್ಡರ್‌ಲೈನ್ ಅಂದರೆ ಭಾವನೆ, ಸಂಬಂಧಗಳು ಬೇಗ ಏರುಪೇರಾಗುವ ಒಂದು ವ್ಯಕ್ತಿತ್ವದ ತೊಂದರೆ. ಓದಿದ್ದು ಬಹುಶಃ ಮನೋವಿಶ್ಲೇಷಕ ಆಟೊ ಕರ್ನ್‌ಬರ್ಗ್ ಅವರ ದಾರಿಯ ಬರಹ. ಒಳ್ಳೆಯದು ಕೆಟ್ಟದ್ದನ್ನು ಪೂರ್ತಿ ಸೀಳಿ ಇಡುವ ವ್ಯಕ್ತಿತ್ವಗಳಲ್ಲಿ ಇದು ಮುಖ್ಯ ಎಂದು ಅವರು ತೋರಿಸಿದರು. ಡಿಎಸ್‌ಎಂ ಅನ್ನುವುದು ಅಮೆರಿಕದ ಮನೋವೈದ್ಯರು ರೋಗ ಗುರುತಿಸಲು ಬಳಸುವ ಕೈಪಿಡಿ. 1994ರ ಡಿಎಸ್‌ಎಂ-4ರ ಅನುಬಂಧದಲ್ಲಿದ್ದ ರಕ್ಷಣಾ ತಂತ್ರಗಳ ಮಾಪಕದಲ್ಲೂ ಇದು ಸೀಳುವಿಕೆಯ ಜೊತೆಗೇ ಇತ್ತು. 2013ರ ಡಿಎಸ್‌ಎಂ-5ರಲ್ಲಿ ಆ ಮಾಪಕವನ್ನೇ ಕೈಬಿಟ್ಟರು. ಆದರೆ 'ಮಾತ್ರ' ಅನ್ನುವುದು ತಪ್ಪು. ಬಿಯಾನ್ ಓದಿದರೆ ಪ್ರತಿ ಕೂಸೂ ಹೀಗೇ ಮಾತಾಡುತ್ತದೆ. ವ್ಯತ್ಯಾಸ ಇರುವುದು ಎಷ್ಟು ಬಲವಂತ, ಎಷ್ಟು ಬಿಗಿ ಎಂಬುದರಲ್ಲಿ.

ಇದಕ್ಕೆ ಪುರಾವೆ ಇದೆಯಾ, ಅಥವಾ ಬರೀ ಕಥೆನಾ?

ಸುಪ್ತ ಕಲ್ಪನೆಯ ಭಾಗವನ್ನು ನೇರವಾಗಿ ಅಳೆಯಲಾಗದು. ನನ್ನ ಎಣಿಕೆ ಎದುರಿನವರನ್ನು ಹಾಗೇ ಮಾಡಿಬಿಡಬಲ್ಲದೇ ಎಂಬ ಅರ್ಧವನ್ನು ಮಾತ್ರ ಪರೀಕ್ಷಿಸಬಹುದು. 1977ರಲ್ಲಿ ಮಿ‌ನ್ನೆಸೋಟದ ಮಾರ್ಕ್ ಸ್ನೈಡರ್ ಮತ್ತು ಸಂಗಡಿಗರು ಯುವಕರಿಗೆ ಒಂದು ಫೋಟೋ ಕೊಟ್ಟು, ಫೋನಿನಲ್ಲಿ ಮಾತಾಡಲಿರುವ ಹುಡುಗಿ ಇವಳೇ ಎಂದರು. ಫೋಟೋ ಅವಳದ್ದಾಗಿರಲಿಲ್ಲ. ಚೆಲುವೆ ಎಂದುಕೊಂಡು ಮಾತಾಡಿಸಿದಾಗ ಆ ಹುಡುಗಿಯರು ನಿಜಕ್ಕೂ ಹೆಚ್ಚು ಆತ್ಮೀಯವಾಗಿ ಮಾತಾಡಿದರು. ಅವರ ದನಿಯನ್ನಷ್ಟೇ ಕೇಳಿಸಿಕೊಂಡ, ಫೋಟೋ ವಿಷಯ ತಿಳಿಯದ ಕೇಳುಗರು ಹಾಗೆಂದು ಗುರುತಿಸಿದರು. ಇದು ಪಿ.ಐ.ಗೆ ಪುರಾವೆಯಲ್ಲ, ಅದು ಓಡಾಡುವ ರಸ್ತೆ ಇದೆ ಎಂಬುದಕ್ಕೆ ಪುರಾವೆ. ಈ ಪದವನ್ನು ಮನೋವಿಶ್ಲೇಷಕರೆಲ್ಲ ಒಪ್ಪಿದ್ದಾರೆ ಅಂತಲೂ ಇಲ್ಲ. 1980ರಲ್ಲೇ ವಿಲಿಯಂ ಮೈಸ್ನರ್ ಕಟುವಾಗಿ ತಕರಾರು ತೆಗೆದಿದ್ದರು.

ಒಮ್ಮೆ ಹೊರಗೆ ಹಾಕಿದ್ದನ್ನ ವಾಪಸ್ ತಗೊಳ್ಳೋಕೆ ಆಗುತ್ತಾ?

ಆಗುತ್ತದೆ, ಆದರೆ ಸುಖವಾಗಿ ಅಲ್ಲ. ವಾಪಸ್ ಬರುವುದು ದುಃಖದ ರೂಪದಲ್ಲಿ. ಕ್ಲೈನ್ ಇದನ್ನು ಖಿನ್ನ ನೆಲೆ ಎಂದರು: ಕೆಟ್ಟದ್ದು ಹೊರಗಿಲ್ಲ, ನನ್ನದೇ, ಅದರಿಂದ ನನ್ನವರಿಗೆ ನೋವಾಗಿದೆ ಎಂದು ಕಾಣುವ ಜಾಗ. ಅಲ್ಲಿ ಕೆಲವು ದಿನ ಊಟ ರುಚಿಸುವುದಿಲ್ಲ.

ಮೊದಲಿನ ಕಥೆಯ ಅಪ್ಪನನ್ನು ಕೊನೆಗೆ ಡಾಕ್ಟರ ಬಳಿಗೆ ಕರೆದೊಯ್ದದ್ದು ಮಗಳು. ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕ ಮರೆವು, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ಆ ವಾರವೆಲ್ಲ ಅವರು ಮಾತು ಕಡಿಮೆ ಮಾಡಿದರು, ಅಮ್ಮನ ಹಳೆಯ ಫೋಟೋ ತೆಗೆಸಿ ಒರೆಸಿ ಇಟ್ಟುಕೊಂಡರು. ಒಂದು ಬೆಳಿಗ್ಗೆ ಮಗ ಶೂ ಹಾಕಿಕೊಳ್ಳುತ್ತಿದ್ದಾಗ ಒಳಗಿನಿಂದ ದನಿ ಬಂತು. "ಲೋ, ಆಗ್ಲೇ ಕಾಫಿ ಬಿಸಿ ಮಾಡ್ಕೊಂಡೆ. ಗ್ಯಾಸ್ ಆಫ್ ಮಾಡಿದ್ನೋ ಇಲ್ವೋ ನಂಗೇ ಜ್ಞಾಪಕ ಬರ್ತಿಲ್ಲ. ಒಂಚೂರು ನೋಡ್ತೀಯಾ?"

ಮಗ ಹೋಗಿ ನೋಡಿದ. ಆಫ್ ಮಾಡಿರಲಿಲ್ಲ.